ಸ್ಕೋರ್ 19, ತೂಕ ಜಾಸ್ತಿ: ಚಿಕ್ಕಮ್ಮನ ಪ್ರಶ್ನೆಗೆ

ಚಿಕ್ಕಮ್ಮ, ಟೈಪ್ ಮಾಡಿ ಮುಗಿಯುವ ಮಾತಲ್ಲ ಇದು, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೇಳಿಸಿಕೊಳ್ಳಿ. ನಿಮ್ಮ ಸ್ತನ ಕ್ಯಾನ್ಸರ್ ಗಡ್ಡೆಗೆ ಆಂಕೊಟೈಪ್ ಮಾಡಿಸಿದ್ದೀರಿ, ಅಂದರೆ ಕೀಮೋ ಬೇಕಾ ಬೇಡವಾ ಅಂತ ತೀರ್ಮಾನಿಸಲು ಮಾಡುವ ಟೆಸ್ಟ್; ಸ್ಕೋರ್ 19 ಬಂದಿದೆ, ಕಂಕುಳಿಗೆ ಹರಡಿಲ್ಲ, ಕೀಮೋ ಬೇಡ, ಲೆಟ್ರೊಜೋಲ್ ಅನ್ನುವ ಹಾರ್ಮೋನ್ ತಡೆಯುವ ಮಾತ್ರೆ ಸಾಕು ಅಂತ ಡಾಕ್ಟರು ಹೇಳಿದ್ದಾರೆ. ದೊಡ್ಡಪ್ಪ ಗ್ರೂಪ್‌ಗೆ ಒಂದು ಫಾರ್ವರ್ಡ್ ಹಾಕಿ, "ದಪ್ಪ ಇರುವವರಿಗೆ ಆ ಸ್ಕೋರ್ ನಂಬೋಕಾಗಲ್ಲ, ಕೀಮೋ ತಗೊಳ್ಳಲೇಬೇಕು" ಅಂದಿದ್ದಾರೆ. ನೀವು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಇಷ್ಟೇ ಅಲ್ವಾ?

ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಅದು ಹಾಗಲ್ಲ.

ಆ ಟೆಸ್ಟ್‌ಗೆ ನಿಮ್ಮ ಮೈತೂಕ ಗೊತ್ತೇ ಇರುವುದಿಲ್ಲ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರಲ್ಲ, ಅದರಲ್ಲಿ 21 ಜೀನ್‌ಗಳು ಎಷ್ಟು ಕೆಲಸ ಮಾಡುತ್ತಿವೆ ಅಂತ ಅಳೆಯುತ್ತಾರೆ. ಅದರಲ್ಲಿ 5 ಬರೀ ಹೋಲಿಕೆಗೆ. ಅಲ್ಲಿಂದ 0ಯಿಂದ 100ರ ಒಳಗೆ ಒಂದು ಅಂಕಿ ಬರುತ್ತದೆ. ಅದು ಗಡ್ಡೆಯ ಸ್ವಭಾವ, ನಿಮ್ಮ ಮೈಯ ಲೆಕ್ಕ ಅಲ್ಲ.

ಮುಟ್ಟು ನಿಂತಿದೆಯಾ ಇಲ್ಲವಾ ಅನ್ನುವುದು ಮಾತ್ರ ಆ ಅಂಕಿಯನ್ನು ಓದುವ ರೀತಿಯನ್ನೇ ಬದಲಾಯಿಸುತ್ತದೆ. ಟೇಲರ್‌ಎಕ್ಸ್ ಅಂತ ಒಂದು ದೊಡ್ಡ ಅಧ್ಯಯನ, ಫಲಿತಾಂಶ 2018ರಲ್ಲಿ ಬಂತು. ನಿಮ್ಮ ಹಾಗೆ ಕಂಕುಳಿಗೆ ಹರಡದವರೇ ಅದರಲ್ಲಿ ಇದ್ದದ್ದು. ಸ್ಕೋರ್ 11ರಿಂದ 25ರವರೆಗೆ ಇದ್ದವರಲ್ಲಿ, ಕೀಮೋ ತಗೊಂಡವರಿಗೂ ಬರೀ ಹಾರ್ಮೋನ್ ಮಾತ್ರೆ ತಗೊಂಡವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. 50 ದಾಟದವರಲ್ಲಿ ಮಾತ್ರ, ಸ್ಕೋರ್ 16ರಿಂದ 25 ಇದ್ದರೆ, ಕೀಮೋದಿಂದ ಒಂದಿಷ್ಟು ಲಾಭ ಕಂಡಿತು. ಅದರಲ್ಲಿ ಒಂದು ಪಾಲು ಕೀಮೋ ಅಂಡಾಶಯವನ್ನು ಸುಮ್ಮನಾಗಿಸುವುದರಿಂದ ಬಂದಿರಬಹುದು ಅಂತಾರೆ. ನಿಮ್ಮದು ಸುಮ್ಮನಾಗಿ ಎಷ್ಟು ವರ್ಷ ಆಯಿತು!

ಹಾಗಂತ ತೂಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಬರುವುದು ಮುಖ್ಯವಾಗಿ ಕೊಬ್ಬಿನಿಂದ. ಅಲ್ಲಿ ಅರೊಮಟೇಸ್ ಅನ್ನುವ ಕಿಣ್ವ ಬೇರೆ ಹಾರ್ಮೋನನ್ನು ಈಸ್ಟ್ರೋಜನ್ ಮಾಡುತ್ತದೆ. ಕೊಬ್ಬು ಜಾಸ್ತಿ ಇದ್ದರೆ ಅದೂ ಜಾಸ್ತಿ. ಈಸ್ಟ್ರೋಜನ್‌ನಿಂದ ಬೆಳೆಯುವ ಇಂಥ ಕ್ಯಾನ್ಸರ್‌ನಲ್ಲಿ ತೂಕ ಜಾಸ್ತಿ ಇರುವವರಿಗೆ ಮರುಕಳಿಸುವ ಅಪಾಯ ಸ್ವಲ್ಪ ಹೆಚ್ಚು ಅನ್ನುವುದು ನಿಜ. ಆದರೆ ಅದಕ್ಕೆ ಉತ್ತರ ಕೀಮೋ ಅಲ್ಲ. ಲೆಟ್ರೊಜೋಲ್ ಕಟ್ಟಿಹಾಕುವುದು ಅದೇ ಕಿಣ್ವವನ್ನು!

ಇನ್ನೊಂದು ವಿಷಯ. ರಿಪೋರ್ಟ್‌ನಲ್ಲಿ 9 ವರ್ಷದೊಳಗೆ ದೂರದ ಅಂಗಕ್ಕೆ ಹರಡುವ ಅಪಾಯ ಅಂತ ಒಂದು ಶೇಕಡಾ ಇರುತ್ತದೆ, ನೋಡಿ. ಅದು ಹಾರ್ಮೋನ್ ಮಾತ್ರೆ ತಗೊಳ್ಳುವವರ ಲೆಕ್ಕ. ಮಾತ್ರೆ ಬಿಟ್ಟರೆ ಆ ಅಂಕಿ ನಿಮ್ಮದಲ್ಲ. ನಾನು ಕೆಲಸ ಮಾಡುವ ಆಸ್ಪತ್ರೆ ವಾರ್ಡ್‌ನಲ್ಲಿ ಕೀಮೋಗೆ ಹೆದರುವವರೇ ಎಲ್ಲರೂ. ಕೀಲುನೋವು ಅಂತ ಎರಡನೇ ವರ್ಷದಲ್ಲಿ ಮಾತ್ರೆಯನ್ನು ಸದ್ದಿಲ್ಲದೆ ಬಿಡುವುದಕ್ಕೆ ಮಾತ್ರ ಯಾರೂ ಹೆದರುವುದಿಲ್ಲ. ನೋವು ಬಂದರೆ ಹೇಳಿ, ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ಈ ಮಾತ್ರೆಯಿಂದ ಮೂಳೆ ಸವೆಯುತ್ತದೆ, ಅದಕ್ಕೆ ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಸ್ಕ್ಯಾನ್ ಯಾವಾಗ ಅಂತ ಈ ಸಲವೇ ಕೇಳಿ. ತೂಕ ನಿಧಾನವಾಗಿ ಇಳಿಸೋಣ. ಉಪವಾಸ ಗಿಪವಾಸ ಬೇಡ, ದಿನಾ ನಡೆಯಿರಿ.

ಪುಟ್ಟಿ, ನಿನ್ನ ಗೆಳತಿಗೆ ಕೀಮೋದಲ್ಲಿ ಮುಟ್ಟು ನಿಂತಿದೆ, ಅವಳೂ ಬರೀ ಲೆಟ್ರೊಜೋಲ್ ತಗೊಳ್ಳಬಹುದಾ ಅಂತ ಕೇಳಿದ್ದೆಯಲ್ಲ: ಕೀಮೋ ಸಮಯದಲ್ಲಿ ಮುಟ್ಟು ನಿಂತರೆ ಮೆನೋಪಾಸ್ ಆದಂತಲ್ಲ, ತಿಂಗಳುಗಳಾದ ಮೇಲೂ ವಾಪಸ್ ಬರಬಹುದು. ಅಂಥವರಿಗೆ ಅಂಡಾಶಯ ನಿಲ್ಲಿಸುವ ಇಂಜೆಕ್ಷನ್ ಇಲ್ಲದೆ ಬರೀ ಲೆಟ್ರೊಜೋಲ್ ಕೊಡುವುದಿಲ್ಲ. ಅಂಡಾಶಯ ಪೂರ್ತಿ ನಿಂತಿರದಿದ್ದರೆ ಆ ಮಾತ್ರೆ ಅದನ್ನು ಇನ್ನಷ್ಟು ಎಬ್ಬಿಸಿಬಿಡಬಹುದು; ಮಕ್ಕಳಾಗಲು ಅಂಡಾಣು ಬಿಡುಗಡೆ ಮಾಡಿಸುವುದಕ್ಕೂ ಅದೇ ಮಾತ್ರೆ ಕೊಡುತ್ತಾರೆ, ಗೊತ್ತಾ? ಅಂಡಾಶಯ ನಿಜವಾಗಿ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆ ಬಗ್ಗೆ ಅವಳ ಡಾಕ್ಟರನ್ನೇ ಕೇಳಲಿ.

ಚಿಕ್ಕಮ್ಮ, ಇನ್ನು ಮಲಗಿ. ದೊಡ್ಡಪ್ಪ, ಆ ಫಾರ್ವರ್ಡ್ ಡಿಲೀಟ್ ಮಾಡಿಬಿಡಿ.