ಎರಡು ವರ್ಷದ ಸ್ವಯಂಸೇವೆಗೆ ಏನೇನು ತುಂಬಿಕೊಳ್ಳಲಿ?

ಪ್ರಶ್ನೆ: ಹಳ್ಳಿ ಶಾಲೆಯಲ್ಲಿ ಪಾಠ ಮಾಡಲು ಹೊರದೇಶಕ್ಕೆ ಹೊರಟಿದ್ದೇನೆ. 23 ಕೆಜಿಯ ಒಂದೇ ಸೂಟ್‌ಕೇಸ್. ಬಟ್ಟೆಯೇ ಅರ್ಧ ತುಂಬಿದೆ. ಥೈರಾಯ್ಡ್ ಮಾತ್ರೆ ದಿನಾ ಬೇಕು. ಯಾವುದನ್ನು ಬಿಡಲಿ?

ಉತ್ತರ 1: ಬಟ್ಟೆ ಬಿಡಿ. ವಾರಕ್ಕಾಗುವಷ್ಟು ಸಾಕು, ಉಳಿದದ್ದು ಅಲ್ಲೇ ಸಿಗುತ್ತದೆ. ಶೂ ಮಾತ್ರ ನಿಮ್ಮ ಕಾಲಿಗೆ ಒಗ್ಗಿದ್ದೇ ಇರಲಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ಕಸ್ಟಮ್ಸ್‌ನಲ್ಲಿ ಏನೆಂದು ತೋರಿಸುತ್ತೀರಿ? ಡಾಕ್ಟರ ಚೀಟಿಯಲ್ಲಿ ಬ್ರ್ಯಾಂಡ್ ಜೊತೆ ಔಷಧದ ಮೂಲ ಹೆಸರೂ ಇರಲಿ, ಲೆವೊಥೈರಾಕ್ಸಿನ್ ಅಂತ. ಬ್ರ್ಯಾಂಡ್ ದೇಶಕ್ಕೊಂದು ಇರುತ್ತದೆ. ಎಲ್ಲವೂ ಕೈಚೀಲದಲ್ಲೇ. ಸೂಟ್‌ಕೇಸ್ ತಡವಾಗಿ ಬಂದರೂ ಮಾತ್ರೆ ತಪ್ಪಬಾರದು ಅಲ್ವಾ?

ಉತ್ತರ 2: ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ಖಂಡಿತ ಬೇಕು. ಕರೆಂಟ್ ಹೋದಾಗ ಎರಡೂ ಕೈಗೆ ಬಿಡುವು. ಪವರ್ ಬ್ಯಾಂಕನ್ನು ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ, ಜೊತೆಗಿಟ್ಟುಕೊಳ್ಳಿ.

ಉತ್ತರ 3: ಹಳದಿ ಜ್ವರದ ಲಸಿಕೆ ಕೇಳುವ ದೇಶವೇ? ಹಾಗಿದ್ದರೆ ತಡ ಮಾಡಬೇಡಿ. ಮೊದಲ ಸಲ ಹಾಕಿಸಿದ 10 ದಿನದ ನಂತರವೇ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತದೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ, ಹಳೆಯದಿದ್ದರೆ ಹುಡುಕಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ನಾಲ್ಕು ಸ್ವೆಟರ್ ತೆಗೆದೆ, ಮಕ್ಕಳಿಗೆ ಓದಿಸಲು ಚಿತ್ರಪುಸ್ತಕಗಳಿಗೆ ಜಾಗ ಸಿಕ್ಕಿತು. ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇನೆ.