ಮರಕ್ಕೆ ಡೈ: ನೀರಿನಲ್ಲಿ ಕಲಸಬೇಕೋ, ಸ್ಪಿರಿಟ್‌ನಲ್ಲೋ, ಥಿನ್ನರ್‌ನಲ್ಲೋ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಚಿಕ್ಕಮಗಳೂರು ಕಡೆ. ತೋಟದ ಸಿಲ್ವರ್ ಓಕ್ ಹಲಗೆಯಲ್ಲಿ ಆರಡಿ ಉದ್ದದ ಊಟದ ಮೇಜು ಮಾಡಿದ್ದೇನೆ. ವಾಲ್‌ನಟ್ ಬಣ್ಣ ಬರಲಿ ಅಂತ ಡೈ ಪುಡಿಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬ್ರಷ್‌ನಲ್ಲಿ ಹೊಡೆದೆ. ಬ್ರಷ್ ಒಂದರ ಮೇಲೊಂದು ತಾಗಿದ ಕಡೆಯೆಲ್ಲ ಗಾಢ ಗೆರೆ ಬಿದ್ದಿದೆ. ಮೇಲೆ ಅರಗಿನ ಪಾಲಿಶ್ ಉಜ್ಜಿದರೆ ಬಣ್ಣ ಬಟ್ಟೆಗೇ ಬಂತು. ಅಂಗಡಿಯವರು ಥಿನ್ನರ್ ಹಾಕಿ ಅಂತಾರೆ, ನಮ್ಮ ಮೇಸ್ತ್ರಿ ನೀರೇ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಮೇಜಿನ ಮಟ್ಟಿಗೆ ಮೇಸ್ತ್ರಿ ಹೇಳಿದ್ದು ಸರಿ. ಸ್ಪಿರಿಟ್ ಅಂದರೆ ಆಲ್ಕೋಹಾಲ್, ಬೇಗ ಹಾರಿಹೋಗುತ್ತದೆ. ಅದರ ಕುದಿಬಿಂದು ಸುಮಾರು 78 ಡಿಗ್ರಿ, ನೀರಿನದು 100. ಆರಡಿ ಹಲಗೆಯಲ್ಲಿ ನೀವು ಎರಡನೇ ಸಲ ಬ್ರಷ್ ಎಳೆಯುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಹಾಗಾಗಿ ತಾಗಿದ ಕಡೆ ಬಣ್ಣ ದುಪ್ಪಟ್ಟು. ಇನ್ನು ಅರಗು ಕರಗುವುದೂ ಸ್ಪಿರಿಟ್‌ನಲ್ಲೇ ಅಲ್ವಾ? ಪಾಲಿಶ್ ಉಜ್ಜಿದಾಗ ಅದರಲ್ಲಿರುವ ಸ್ಪಿರಿಟ್ ಕೆಳಗಿನ ಡೈಯನ್ನು ಮತ್ತೆ ಕರಗಿಸುತ್ತದೆ. ಅದಕ್ಕೇ ಯಾರು ಕೇಳಿದರೂ ನಾನು ಮೊದಲು ಕೇಳುವುದು, ಮೇಲೆ ಏನು ಹಚ್ಚುತ್ತೀರಿ ಅಂತ.

ಈಗ ಬಿದ್ದಿರುವ ಬಣ್ಣವನ್ನು ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಡೈ, ಅರಗು ಎರಡೂ ಕರಗುತ್ತವೆ. ಉಳಿದದ್ದನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ. ಆಮೇಲೆ ನೀರಿನಲ್ಲಿ ಕರಗುವ ಪುಡಿಯನ್ನೇ ಕೇಳಿ ತನ್ನಿ. ನಿಮ್ಮ ಹತ್ತಿರ ಉಳಿದಿರುವ ಸ್ಪಿರಿಟ್ ಪುಡಿ ನೀರಿಗೆ ಸರಿಯಾಗಿ ಕರಗುವುದಿಲ್ಲ, ಸುಮ್ನೆ ಪ್ರಯತ್ನಿಸಬೇಡಿ. ಒಂದು ಲೀಟರ್ ಬಿಸಿನೀರಿಗೆ ಸುಮಾರು 30 ಗ್ರಾಂ ಪುಡಿ ಹಾಕಿದರೆ ಗಟ್ಟಿ ಬಣ್ಣ. ನೀವು ಅದರ ಅರ್ಧದಿಂದ ಶುರು ಮಾಡಿ. ಬಣ್ಣ ಸಾಲದಿದ್ದರೆ ಇನ್ನೊಂದು ಸಲ ಹಚ್ಚಬಹುದು, ಜಾಸ್ತಿಯಾದರೆ ತೆಗೆಯುವುದು ಕಷ್ಟ. ಕಲಸಿದ ಡೈ ತಣ್ಣಗಾದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ.

ಬೋರ್‌ವೆಲ್ ನೀರು ಬೇಡ. ಅದರಲ್ಲಿ ಕಬ್ಬಿಣದ ಅಂಶವಿದ್ದರೆ, ಜಾಲಿಯಂಥ ಒಗರು ಜಾಸ್ತಿ ಇರುವ ಮರಗಳಲ್ಲಿ ಕಪ್ಪು ಕಲೆ ಏಳುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಪಾತ್ರೆಯೂ ಪ್ಲಾಸ್ಟಿಕ್ಕಿನದಿರಲಿ.

ನೀರಿನ ಒಂದೇ ತೊಂದರೆ ಅಂದರೆ ಮರದ ಎಳೆ ಎದ್ದು ಒರಟಾಗುವುದು. ಡೈ ಹಚ್ಚುವ ಹಿಂದಿನ ದಿನವೇ ಒದ್ದೆ ಬಟ್ಟೆಯಿಂದ ಮೇಜು ಪೂರ್ತಿ ಒರೆಸಿ ಒಣಗಿಸಿ. ಬೆಳಿಗ್ಗೆ 320 ನಂಬರಿನ ಪೇಪರ್‌ನಲ್ಲಿ ಹಗುರವಾಗಿ ಸವರಿ. ಡೈಯನ್ನು ಬ್ರಷ್‌ನಲ್ಲಿ ಹಚ್ಚಬೇಡಿ, ಸ್ಪಂಜಿನಲ್ಲಿ ಧಾರಾಳವಾಗಿ ಹಚ್ಚಿ. ಒಣಗುವ ಮೊದಲೇ ಹೆಚ್ಚಿಗೆ ಇರುವುದನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಎಳೆಯ ಉದ್ದಕ್ಕೆ ಒರೆಸಿ. ರಾತ್ರಿಯಿಡೀ ಒಣಗಿದ ಮೇಲೆ ಪಾಲಿಶ್.

ಪ್ರಶ್ನೆ: ಅಣ್ಣಾ, ನನ್ನದು ಸಾಗವಾನಿ ವಿನೀರ್ (ಪ್ಲೈವುಡ್ ಮೇಲೆ ಅಂಟಿಸುವ ತೆಳು ಮರದ ಹಾಳೆ) ವಾರ್ಡ್‌ರೋಬ್ ಕೆಲಸ, ಮೇಲೆ ಪಿಯು (ಪಾಲಿಯುರೆಥೇನ್) ಕೋಟ್. ನೀರು ಹಾಕಿದರೆ ವಿನೀರ್ ಉಬ್ಬಲ್ವಾ?

ಉತ್ತರ: ಅಂಟು ಸರಿಯಿಲ್ಲದ ಕಡೆ ಉಬ್ಬುವ ಭಯ ಇದ್ದೇ ಇದೆ. ಎದ್ದ ಎಳೆ ಉಜ್ಜಲು ಹೋಗಿ ತೆಳು ವಿನೀರ್ ಸವೆದು ಪ್ಲೈವುಡ್ ಕಾಣಬಹುದು. ನಿಮಗೆ ಮೆಟಲ್ ಕಾಂಪ್ಲೆಕ್ಸ್ ಡೈ, ಅಂದರೆ ಲೋಹದ ಅಂಶ ಸೇರಿದ ಡೈ ಸರಿ, ದ್ರವರೂಪದಲ್ಲೇ ಸಿಗುತ್ತದೆ. ಅಸಿಟೋನ್ ಅಥವಾ ಪಿಯು ಥಿನ್ನರ್‌ನಲ್ಲಿ ತೆಳ್ಳಗೆ ಮಾಡಿ ಸ್ಪ್ರೇ ಮಾಡಿ. ಎಳೆ ಏಳುವುದಿಲ್ಲ.

ಎನ್‌ಸಿ (ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗೆ ಹಾಕುವ) ಥಿನ್ನರ್ ಮಾತ್ರ ಬೇಡ. ಅದರಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ. ಪಿಯು ಗಟ್ಟಿಯಾಗಲು ಹಾಕುವ ಹಾರ್ಡನರ್ ಆಲ್ಕೋಹಾಲ್ ಮತ್ತು ನೀರಿನ ಜೊತೆಗೂ ಸೇರಿಕೊಳ್ಳುತ್ತದೆ. ಮರದಲ್ಲಿ ಅವು ಉಳಿದಿದ್ದರೆ ಗುಳ್ಳೆ ಬರುತ್ತದೆ, ಇಲ್ಲವೇ ಕೋಟ್ ಗಟ್ಟಿಯಾಗುವುದಿಲ್ಲ. ಮರದ ರಂಧ್ರ ಮುಚ್ಚುವ ಮೊದಲ ಸೀಲರ್ ಕೋಟನ್ನೂ ಸ್ಪ್ರೇಯಲ್ಲೇ ತೆಳ್ಳಗೆ ಹೊಡೆಯಿರಿ, ಬ್ರಷ್ ಹಾಕಿದರೆ ಬಣ್ಣ ಎಳೆದುಕೊಂಡು ಬರುತ್ತದೆ.

ಅಸಿಟೋನ್ ಆಗಲಿ ಸ್ಪಿರಿಟ್ ಆಗಲಿ, ಬೀಡಿ ಸಿಗರೇಟು ದೂರವಿರಲಿ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಕಾರ್ಬನ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಪಾಲಿಶ್ ಸ್ಪಿರಿಟ್‌ನಲ್ಲಿ ಮೆಥನಾಲ್ ಇರಬಹುದು. ಅದು ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ವಿಷ. ಬರಿಗೈಯಲ್ಲಿ ಉಜ್ಜುವ ಹುಡುಗರಿಗೆ ಗ್ಲೌಸ್ ಕೊಡಿಸಿ.

ಪ್ರಶ್ನೆ: ಟರ್ಪೆಂಟೈನ್ ಆಗಲ್ವಾ? ಕಿಟಕಿ ಪಕ್ಕದ ಬಿಸಿಲಿಗೆ ಯಾವುದು ಬಾಳಿಕೆ ಬರುತ್ತದೆ?

ಉತ್ತರ: ಟರ್ಪೆಂಟೈನ್‌ಗೆ ಎಣ್ಣೆಯಲ್ಲಿ ಕರಗುವ ಡೈ ಮಾತ್ರ ಕರಗುತ್ತದೆ. ಮೇಲೆ ಎಣ್ಣೆ ವಾರ್ನಿಷ್ ಬಂದರೆ ಮತ್ತೆ ಅದೇ ಕಥೆ, ಬಣ್ಣ ಮೇಲೆ ಬರುತ್ತದೆ. ನಾನು ಬಳಸುವುದು ಅಪರೂಪ. ಬಿಸಿಲಿಗೆ ಸ್ಪಿರಿಟ್ ಮತ್ತು ಎಣ್ಣೆ ಡೈಗಿಂತ ನೀರಿನದು ಸಾಮಾನ್ಯವಾಗಿ ತಡೆಯುತ್ತದೆ. ಮೆಟಲ್ ಕಾಂಪ್ಲೆಕ್ಸ್ ಕೂಡ ಒಳ್ಳೆಯದು. ಆದರೆ ನೇರ ಬಿಸಿಲು ಬೀಳುವ ಕಡೆ ಡೈ ಬಿಟ್ಟು ಪಿಗ್ಮೆಂಟ್ ಸ್ಟೇನ್ (ಕರಗದ ಬಣ್ಣದ ಕಣಗಳಿರುವ ಸ್ಟೇನ್) ಹಚ್ಚಿ.

ಪ್ರಶ್ನೆ (ಮೇಜಿನವರು): ಸರ್, ನೀರಿನ ಡೈ ತಂದು ತುಂಡಿನ ಮೇಲೆ ಹಚ್ಚಿದೆ. ಒಣಗಿದ ಮೇಲೆ ಮಂಕಾಗಿ, ಬೂದಿ ಬೂದಿಯಾಗಿ ಕಾಣುತ್ತಿದೆ.

ಉತ್ತರ: ಹಾಗೇ ಕಾಣುವುದು. ಅದನ್ನು ನೋಡಿ ಇನ್ನೊಂದು ಕೋಟ್ ಡೈ ಹಚ್ಚಬೇಡಿ. ಆ ತುಂಡಿಗೆ ಪಾಲಿಶ್ ಪೂರ್ತಿ ಮಾಡಿ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಮೇಜಿಗೆ ಕೈ ಹಾಕಿ.