ಸಹಾಯ ಬೇಕು: ಆಪರೇಷನ್ನಿಗಿ ಮೊದಲೇ ಅಲ್ಟ್ರಾಸೌಂಡಿನಾಗ ಟೆಂಡನ್ (ಸ್ನಾಯುವನ್ನ ಎಲುಬಿಗಿ ಕೂಡಿಸೋ ನಾರು) ದಪ್ಪ ಅಳತಿ ಮಾಡೋರು ಯಾರರೆ ಅದಾರೇನ್ರಿ?

ಎಲ್ಲರಿಗೂ ಶರಣ್ರಿ. ನನ್ನ ತಂಗಿಗಿ 19 ವರ್ಷ. ಸೇಡಂದಾಗ ಕಬಡ್ಡಿ ಆಡುವಾಗ ಮೊಣಕಾಲು ತಿರುಚಿ ಎಸಿಎಲ್ (ಮೊಣಕಾಲೊಳಗ ಎಲುಬು ಹಿಡಿದಿಡೋ ಕಟ್ಟು) ಪೂರ್ತಿ ಹರಿದದ. ಮುಂದಿನ ತಿಂಗಳು ಕಲಬುರಗಿದಾಗ ಆಪರೇಷನ್. ತೊಡಿ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ತಗದು, ಮಡಚಿ ನಾಲ್ಕೆಳಿ ಮಾಡಿ ಹರಿದ ಎಸಿಎಲ್ ಜಾಗಾದಾಗ ಕೂಡಿಸ್ತೀವಿ ಅಂದಾರ ಡಾಕ್ಟರ್.

ನನಗ ಚಿಂತಿ ಹತ್ತಿದ್ದು ಒಂದೇ. ಆಕಿ ಎತ್ತರ ಬರೇ 4 ಅಡಿ 11 ಇಂಚು, ಭಾಳ ತೆಳ್ಳಗ ಅದಾಳ. ಇಂಥವರ ಟೆಂಡನ್ ಸಣ್ಣ ಇರೋದೇ ಹೆಚ್ಚು. ಗ್ರಾಫ್ಟ್ (ಹಿಂಗ ಮಡಚಿ ಕೂಡಿಸೋ ಟೆಂಡನ್) ದಪ್ಪ 8 ಮಿಲಿಮೀಟರಿಗಿಂತ ಕಡಿಮಿ ಇದ್ರ, ಅದರಾಗೂ ಸಣ್ಣ ವಯಸ್ಸಿನ ಆಟಗಾರರಿಗಿ, ಮತ್ತ ಹರಿಯೋ ಭಯ ಜಾಸ್ತಿ. ಕೊಯ್ದ ಮ್ಯಾಲೆ ಗೊತ್ತಾದ್ರ ಅಲ್ಲೇ ಅವಸರದಾಗ ದಾರಿ ಹುಡುಕಬೇಕಾಗ್ತದ. ಮೊದಲೇ ಅಲ್ಟ್ರಾಸೌಂಡಿನಾಗ ಸೆಮಿಟೆಂಡಿನೋಸಸ್, ಗ್ರಾಸಿಲಿಸ್ (ಗ್ರಾಫ್ಟಿಗಿ ತಗಿಯೋ ಟೆಂಡನ್‌ಗಳು) ಎರಡರದೂ ಅಡ್ಡಳತಿ ತಗೊಂಡ್ರ ಒಂದು ಅಂದಾಜು ಸಿಗ್ತದ. ಐದೆಳಿ ಮಾಡೋದೋ, ಮಂಡಿಚಿಪ್ಪಿನ ಟೆಂಡನ್ನೋ, ತೊಡಿ ಮುಂದಿನ ಕ್ವಾಡ್ರಿಸೆಪ್ಸ್ ಟೆಂಡನ್ನೋ ಅಂತ ಡಾಕ್ಟರ್ ಜೋಡಿ ಕುಂತು ಮಾತಾಡಬಹುದು. ಆದ್ರ ಈ ಅಳತಿ ಮಾಡೋರ ಕೈಪಳಗಿನ ಮ್ಯಾಲೆ ಭಾಳ ನಿಂತದ, ಅದಕ್ಕೇ ಅನುಭವ ಇದ್ದೋರೇ ಬೇಕು.

ಇಲ್ಲಿ ಒಂದು ಸ್ಕ್ಯಾನ್ ಸೆಂಟರದಾಗ ಕೇಳಿದ್ರ ಹೊಟ್ಟಿದು, ಬಸಿರಿದು ಅಷ್ಟೇ ಮಾಡ್ತೀವಿ ಅಂದ್ರು. ಕಲಬುರಗಿ, ಬೀದರ್ ಕಡಿ ಕೀಲು, ಸ್ನಾಯುಗಳ ಅಲ್ಟ್ರಾಸೌಂಡ್ ಮಾಡೋ ರೇಡಿಯಾಲಜಿಸ್ಟ್ ಗೊತ್ತಿದ್ರ ತಿಳಸ್ರಿ. ಸೊಲ್ಲಾಪುರ, ಹೈದರಾಬಾದ್ ಆದ್ರೂ ನಡೀತದ, ಕರಕೊಂಡು ಹೋಗ್ತೀನಿ. ಎಂಆರ್‌ಐದಾಗೂ ಈ ಅಳತಿ ತಗೀಲಿಕ್ಕೆ ಬರ್ತದ. ಆಕಿದು ಆಗ್ಯದ, ಅದನ್ನೇ ನೋಡಿ ಹೇಳೋರಿದ್ರೂ ಆಯ್ತು.

ಅಕ್ಕಾರ, ತಂಗ್ಯಾರ, ನಿಮ್ಮಲ್ಲಿ ಯಾರಿಗರೆ ಇದೇ ಆಪರೇಷನ್ ಆಗಿದ್ರ ನಿಮ್ಮ ಗ್ರಾಫ್ಟ್ ಎಷ್ಟು ದಪ್ಪ ಬಂದಿತ್ತು, ಮತ್ತ ಆಟಕ್ಕ ಇಳಿದ್ರೇನು, ಹೇಳ್ರಿ. ಆಕಿ ದಿನಾ ಅದನ್ನೇ ಕೇಳ್ತಾಳ.